ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಂಥ ಸರ್ಕಾರಿ ಸಂಶೋಧನಾ ಸಂಸ್ಥೆ ಸ್ಟಾರ್ಟಪ್‌ಗಳಿಗೆ ಹೇಗೆ ನೆರವಾಗುತ್ತದೆ?

ಮುಖ್ಯವಾಗಿ ಪೇಟೆಂಟ್ ಬಳಸಲು ಬಿಟ್ಟು, ಲ್ಯಾಬ್ ಬಾಗಿಲು ತೆರೆದು. ಅಲ್ಲಿನ ಆವಿಷ್ಕಾರದ ಪೇಟೆಂಟ್ ಸಾಮಾನ್ಯವಾಗಿ ಸಂಸ್ಥೆಯ ಹೆಸರಿನಲ್ಲೇ ಇರುತ್ತದೆ. ಕಂಪನಿಗೆ ಸಿಗುವುದು ಲೈಸೆನ್ಸ್. ಹೊಸ ಕಂಪನಿ ಕೈಯಲ್ಲಿ ದುಡ್ಡು ಎಲ್ಲಿರುತ್ತೆ? ಹಾಗಾಗಿ ಶುಲ್ಕದ ಬದಲು ಸ್ವಲ್ಪ ಷೇರು, ಇಲ್ಲವೇ ಮಾರಾಟ ಶುರುವಾದ ಮೇಲೆ ಅದರಲ್ಲೊಂದು ಪಾಲು (ರಾಯಲ್ಟಿ) ಪಡೆಯುವುದೂ ಉಂಟು. ಕಂಪನಿ ಗೆದ್ದರೆ ತಾನೇ ಸಂಸ್ಥೆಗೂ ಲಾಭ? ಅದಕ್ಕೇ ಕಾಯುತ್ತದೆ.

ನನ್ನ ಪ್ರಕಾರ ಲ್ಯಾಬ್ ಸಿಗುವುದೇ ಜಾಸ್ತಿ ದೊಡ್ಡ ನೆರವು. ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಕ್ಲೀನ್‌ರೂಮ್ ಇದೆ, ಅಂದರೆ ಗಾಳಿಯ ಧೂಳನ್ನೂ ಸೋಸಿದ ಕೋಣೆ. ಚಿಪ್, ಸೆನ್ಸರ್ ಮಾಡಲು ಅದು ಬೇಕೇ ಬೇಕು. ಇಬ್ಬರು ಮೂವರು ಸೇರಿ ಶುರುಮಾಡಿದ ಕಂಪನಿ ಅಂಥದ್ದನ್ನು ಕಟ್ಟಿಸಲು ಆಗುತ್ತಾ? ಮಧುಮೇಹ ಪರೀಕ್ಷೆಯ ಪುಟ್ಟ ಸಾಧನ ಮಾಡುವ ಪಾಥ್‌ಶೋಧ್ ಹುಟ್ಟಿದ್ದು ಈ ಕೇಂದ್ರದ ಸಂಶೋಧನೆಯಿಂದಲೇ. ಪ್ರಾಧ್ಯಾಪಕರೇ ಕಂಪನಿ ಕಟ್ಟಿದ್ದೂ ಇದೆ: 2000ದಲ್ಲಿ ಸ್ಟ್ರ್ಯಾಂಡ್ ಎಂಬ ಜೀನ್ ವಿಶ್ಲೇಷಣೆಯ ಕಂಪನಿ ಶುರುಮಾಡಿದವರು ಐಐಎಸ್‌ಸಿ ಪ್ರಾಧ್ಯಾಪಕರು.