ಎರಡು ವಾರದ ಸೇವೆಗೆ ಎಷ್ಟು ತಿಂಗಳ ತಯಾರಿ?

ಕ್ರೈಸ್ತ ಸಭೆಗಳಿಂದ, ಅಂದರೆ ಚರ್ಚ್‌ಗಳಿಂದ, ಹೊರದೇಶಕ್ಕೆ ಕಿರು ಅವಧಿಯ ಸೇವಾಯಾತ್ರೆ ಹೊರಟವರ ಪ್ರಶ್ನೆಗಳು ಈ ಬಾರಿ. ಒಂದೇ ಬಗೆಯವನ್ನು ಸೇರಿಸಿ ಆರಕ್ಕೆ ಇಳಿಸಿದ್ದೇನೆ. ಇಂಥ ತಂಡಗಳನ್ನು ಸಜ್ಜುಗೊಳಿಸುವ ಕೆಲಸದಲ್ಲಿ ಕೈ ಸುಟ್ಟುಕೊಂಡೇ ಕಲಿತವನು ನಾನು. ಉತ್ತರಗಳಲ್ಲಿ ಅದರ ಕಲೆ ಕಂಡರೆ ಕ್ಷಮಿಸಿ.

ಪ್ರಶ್ನೆ: ನಮ್ಮ ಸಭೆಯಿಂದ ಹನ್ನೆರಡು ಮಂದಿ ಎರಡು ವಾರಕ್ಕೆ ಹೊರಟಿದ್ದೇವೆ. ಮಕ್ಕಳ ಬೈಬಲ್ ಶಿಬಿರ, ಶಾಲೆಗೆ ಬಣ್ಣ ಬಳಿಯುವುದು, ಒಂದು ದಿನದ ಆರೋಗ್ಯ ಶಿಬಿರ ಎಂದು ಕಾರ್ಯಕ್ರಮ ಸಿದ್ಧವಾಗಿದೆ. ತಂಡದ ಹೊಣೆ ನನ್ನ ಹೆಗಲಿಗೆ ಬಿದ್ದಿದೆ. ಇನ್ನು ಐದು ತಿಂಗಳಿದೆ. ಎಲ್ಲಿಂದ ಶುರು ಮಾಡಲಿ?

ಆ ಕಾರ್ಯಕ್ರಮದ ಪಟ್ಟಿ ಬರೆದವರು ಯಾರು ಎಂಬಲ್ಲಿಂದ. ನೀವೇ ಬರೆದಿದ್ದರೆ ಅದನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮನ್ನು ಬರಮಾಡಿಕೊಳ್ಳುವ ಸಭೆಯ ಪಾಲಕರಿಗೆ, ಅಂದರೆ ಪಾಸ್ಟರಿಗೆ, ಫೋನ್ ಮಾಡಿ. "ನಾವು ಇದನ್ನೆಲ್ಲ ಮಾಡಬಹುದೇ?" ಎಂದು ಕೇಳಿದರೆ ಹೂಂ ಎನ್ನುತ್ತಾರೆ. ದೂರದಿಂದ ಬರುವ ನೆಂಟರಿಗೆ ಬೇಡ ಎನ್ನುವುದು ಯಾರಿಗೂ ಸುಲಭವಲ್ಲ. ನಾನು ಕೇಳಿಸುವ ಪ್ರಶ್ನೆ ಬೇರೆ: "ನಾವು ಬರದೇ ಇದ್ದಿದ್ದರೆ ಆ ಎರಡು ವಾರ ನೀವು ಏನು ಮಾಡುತ್ತಿದ್ದಿರಿ?" ಒಮ್ಮೆ ಈ ಪ್ರಶ್ನೆಗೆ ಬಂದ ಉತ್ತರದಿಂದಲೇ ನಮಗೆ ತಿಳಿದದ್ದು, ನಾವು ಶಿಬಿರಕ್ಕೆ ಗೊತ್ತು ಮಾಡಿದ್ದ ವಾರವೇ ಅಲ್ಲಿ ಶಾಲಾ ಪರೀಕ್ಷೆ ಎಂದು. ಪಾಲಕರು ಅದನ್ನು ನಮಗೆ ಹೇಳಲು ಸಂಕೋಚಪಟ್ಟು, ಮಕ್ಕಳನ್ನು ಹೇಗಾದರೂ ಕಳಿಸಿ ಎಂದು ಆಗಲೇ ಮನೆಮನೆ ಸುತ್ತಲು ಶುರು ಮಾಡಿದ್ದರು.

ಬಣ್ಣ ಬಳಿಯುವ ಕೆಲಸದ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಧ್ವಂಸ ಮಾಡಿದ ಮೇಲೆ ಉತ್ತರ ಅಮೆರಿಕದ ಸಭೆಗಳ ತಂಡಗಳು ಮನೆ ಕಟ್ಟಿಕೊಡಲು ಅಲ್ಲಿಗೆ ಹೋದವು. ಆ ದೇಶದಲ್ಲೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ, ಸ್ವತಃ ಕ್ರೈಸ್ತ ಕಾಲೇಜೊಂದರ ಅಧ್ಯಾಪಕ, ಇದನ್ನು ಅಧ್ಯಯನ ಮಾಡಿದರು. ತಂಡದ ಪ್ರಯಾಣವೂ ಸೇರಿದರೆ ಒಂದು ಮನೆಗೆ ಸುಮಾರು 30,000 ಡಾಲರ್ ತಗಲುತ್ತಿತ್ತು. ಅಲ್ಲಿನ ಕ್ರೈಸ್ತ ಸಂಸ್ಥೆಗಳೇ ಕಟ್ಟಿದರೆ ಸುಮಾರು 2,000. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ, ಯಾರು ಕಟ್ಟಿದರು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಅವರಿಗೆ ಕಾಣಲಿಲ್ಲ.

ಇದನ್ನು ಕೇಳಿ ಕೆಲವರು ಯಾತ್ರೆಯನ್ನೇ ರದ್ದು ಮಾಡಲು ಹೊರಡುತ್ತಾರೆ. ನಾನು ಹೇಳುವುದು ಅದಲ್ಲ. ಬಣ್ಣ ಬಳಿಯುವವರು ಅಲ್ಲೇ ಇದ್ದಾರೆ, ಅವರಿಗೆ ಕೂಲಿಯೂ ಬೇಕಾಗಿದೆ. ಆ ಕೆಲಸಕ್ಕೆ ಹಣ ಕಳಿಸಿದರೆ ಸಾಕು. ನೀವು ವಿಮಾನ ಹತ್ತಿ ಹೋಗಬೇಕಾದದ್ದು ಹಣ ಕಳಿಸಿ ಮುಗಿಸಲಾಗದ ಕೆಲಸಕ್ಕೆ. ಭಾನುವಾರ ಶಾಲೆಯ ಶಿಕ್ಷಕರ ಜೊತೆ ಕೂತು ಪಾಠ ತಯಾರಿಸುವುದು, ಒಂಟಿಯಾಗಿ ದುಡಿಯುತ್ತಿರುವ ಪಾಲಕರ ಮನೆಯವರೊಂದಿಗೆ ಪ್ರಾರ್ಥಿಸುವುದು, ಲೆಕ್ಕಪತ್ರ ಬಲ್ಲವರು ಲೆಕ್ಕ ಬರೆಯುವುದನ್ನು ಕಲಿಸಿಕೊಡುವುದು. ಇವುಗಳಲ್ಲಿ ಫೋಟೊಗೆ ಒದಗುವಂಥದ್ದು ಕಡಿಮೆ, ಅದು ನಿಜ.

ಆರೋಗ್ಯ ಶಿಬಿರಕ್ಕೆ ಎಚ್ಚರಿಕೆ ಹೆಚ್ಚು ಬೇಕು. ನಿಮ್ಮ ದೇಶದಲ್ಲಿ ವೈದ್ಯರಾದವರು ಅಲ್ಲಿಯೂ ವೈದ್ಯರೇ ಎಂದುಕೊಳ್ಳಬೇಡಿ. ಎಷ್ಟೋ ದೇಶಗಳಲ್ಲಿ ಒಂದು ದಿನದ ಶಿಬಿರಕ್ಕೂ ತಾತ್ಕಾಲಿಕ ಪರವಾನಗಿ ಬೇಕು. ವೈದ್ಯಕೀಯ ವಿದ್ಯಾರ್ಥಿಗಳು ತಮ್ಮೂರಿನಲ್ಲಿ ಮಾಡಲಾಗದ್ದನ್ನು ಅಲ್ಲಿ ಮಾಡಿ ಕಲಿಯುವುದಂತೂ ಸೇವೆಯೇ ಅಲ್ಲ. ದಾನದ ಔಷಧಿಗಳು ಆ ದೇಶ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಬಾಳಿಕೆ ಬರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆಗಳನ್ನು ಗುಡಿಸಿ ಚೀಲಕ್ಕೆ ತುಂಬುವುದು ಬೇಡ.

ಐದು ತಿಂಗಳು ಹದಿನೈದು ದಿನಕ್ಕೊಮ್ಮೆಯಾದರೂ ತಂಡ ಸೇರಲಿ. ಆ ಭಾಷೆಯ ಮೂವತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿ. ಕೊನೆಯ ಮಾತು ಯಾರದು, ಯಾರ ಜೊತೆ ಯಾರು ಕೋಣೆ ಹಂಚಿಕೊಳ್ಳುತ್ತಾರೆ, ಫೋನ್ ಎಷ್ಟು ಹೊತ್ತು ಎಂಬುದೆಲ್ಲ ಹೊರಡುವ ಮೊದಲೇ ತೀರ್ಮಾನವಾಗಲಿ. ಬೈಬಲಿನಲ್ಲಿ, ಒಟ್ಟಿಗೆ ಸುವಾರ್ತೆ ಸಾರುತ್ತಿದ್ದ ಪೌಲ-ಬಾರ್ನಬರೇ ಮಾರ್ಕನೆಂಬ ಸಂಗಡಿಗನನ್ನು ಜೊತೆಗೆ ಕರೆದೊಯ್ಯುವ ವಿಷಯಕ್ಕೆ ಜಗಳವಾಡಿ ಬೇರೆಬೇರೆ ದಾರಿ ಹಿಡಿದರು. ನಿದ್ದೆಗೆಟ್ಟ ಹನ್ನೆರಡು ಮಂದಿ ಒಂದೇ ವ್ಯಾನಿನಲ್ಲಿ ಎರಡು ವಾರ ಜಗಳವಿಲ್ಲದೆ ಇರುತ್ತಾರೆ ಎಂದು ನಂಬುವಷ್ಟು ವಿಶ್ವಾಸ ನನಗಿಲ್ಲ.

ಪ್ರಶ್ನೆ: ಪ್ರವಾಸಿ ವೀಸಾ ಸಾಕು, ಕೇಳಿದರೆ ಊರು ನೋಡಲು ಬಂದಿದ್ದೇವೆ ಎಂದುಬಿಡಿ ಎಂದು ಒಬ್ಬರು ಹೇಳಿದರು. ಸರಿಯೇ?

ಸರಿಯಲ್ಲ. ಸುವಾರ್ತೆ ಸಾರಲು ಹೊರಟವರು ವಿಮಾನ ನಿಲ್ದಾಣದ ಕೌಂಟರಿನಲ್ಲೇ ಸುಳ್ಳಿನಿಂದ ಶುರು ಮಾಡುವುದು ಎಂಥ ಕೆಲಸ! ಕೆಲವು ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸ್ನೇಹಿತರ ಸಭೆಯಲ್ಲಿ ಆರಾಧನೆಗೆ ಕೂರಬಹುದು, ಆದರೆ ಬೋಧಿಸುವಂತಿಲ್ಲ. ಕೆಲವೆಡೆ ಸಂಬಳವಿಲ್ಲದ ಸ್ವಯಂಸೇವೆಯೂ ಕೆಲಸವೆಂದೇ ಲೆಕ್ಕ. ರಷ್ಯಾದಲ್ಲಿ 2016ರಿಂದ ಮಿಷನರಿ ಚಟುವಟಿಕೆಗೆ ನೋಂದಾಯಿತ ಧಾರ್ಮಿಕ ಸಂಸ್ಥೆಯ ಅಧಿಕಾರಪತ್ರ ಬೇಕು. ನೇಪಾಳದಲ್ಲಿ 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡಸಂಹಿತೆಯ ಪ್ರಕಾರ, ಮತಾಂತರ ಮಾಡಿಸಿದ್ದಕ್ಕೆ ಐದು ವರ್ಷದವರೆಗೆ ಸೆರೆ, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು.

ಇಂಥ ಕಡೆ ನಿಮ್ಮ ಧೈರ್ಯದ ಬೆಲೆಯನ್ನು ಹೆಚ್ಚಾಗಿ ತೆರುವವರು ನೀವಲ್ಲ. ನೀವು ಮುಂದಿನ ವಿಮಾನಕ್ಕೆ ಹೊರಟುಬಿಡುತ್ತೀರಿ. ಪೊಲೀಸರು ಬಾಗಿಲು ತಟ್ಟುವುದು ನಿಮಗೆ ಜಾಗ ಕೊಟ್ಟವರ ಮನೆಯದ್ದು. ಹಾಗಾಗಿ ಏನು ಮಾಡಬಹುದು, ಏನು ಕೂಡದು ಎಂಬುದನ್ನು ಆ ದೇಶದ ರಾಯಭಾರ ಕಚೇರಿಯಿಂದಲೂ ಅಲ್ಲಿನ ಸಭೆಯಿಂದಲೂ ತಿಳಿದುಕೊಂಡು ಬರಹದಲ್ಲಿ ಇಟ್ಟುಕೊಳ್ಳಿ. ಸ್ಥಳೀಯ ವಿಶ್ವಾಸಿಗಳ ಹೆಸರು, ಮುಖ, ಊರು ನಿಮ್ಮ ಫೇಸ್‌ಬುಕ್ಕಿಗೆ ಹೋಗಬಾರದು. ಅಲ್ಲಿಂದ ಮರಳಿದ ಮೇಲೂ ಹೋಗಬಾರದು.

ಉಳಿದದ್ದು ಚಿಲ್ಲರೆ. ಹಲವು ದೇಶಗಳು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕೆನ್ನುತ್ತವೆ. ತಂಡದಲ್ಲಿ ಹದಿನೆಂಟು ತುಂಬದವರಿದ್ದರೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವನ್ನೂ ಒಯ್ಯಿರಿ.

ಪ್ರಶ್ನೆ: ಲಸಿಕೆಗಳನ್ನು ಯಾವಾಗ ಹಾಕಿಸಿಕೊಳ್ಳಬೇಕು? ದೇವರು ಕಾಯುತ್ತಾನೆ, ಬೇಡ ಎನ್ನುವವರೂ ನಮ್ಮಲ್ಲಿ ಇದ್ದಾರೆ.

ದೇವರು ಕಾಯುತ್ತಾನೆ, ಸೀಟ್ ಬೆಲ್ಟನ್ನೂ ಹಾಕಿಕೊಳ್ಳುತ್ತೇವೆ. ಪ್ರಯಾಣಿಕರ ಆರೋಗ್ಯ ಬಲ್ಲ ವೈದ್ಯರನ್ನು ಕನಿಷ್ಠ ಆರು ವಾರ ಮೊದಲು ಕಾಣಿ. ಅವಕಾಶವಿದ್ದರೆ ಇನ್ನೂ ಮೊದಲು, ಏಕೆಂದರೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ವಾಡಿಕೆಯಂತೆ ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಸಿಂಧು. ಹೊರಡುವ ಹಿಂದಿನ ವಾರ ಓಡಿದರೆ ಗಡಿಯಲ್ಲಿ ಸಿಕ್ಕಿಬೀಳುತ್ತೀರಿ. 2016ರ ಜುಲೈ 11ರಿಂದ ಆ ಪತ್ರ ಜೀವನಪೂರ್ತಿ ನಡೆಯುತ್ತದೆ; ಹತ್ತು ವರ್ಷಕ್ಕೊಮ್ಮೆ ಬೇಕೆಂಬ ಹಳೆಯ ಲೆಕ್ಕ ಈಗಿಲ್ಲ. ಅರವತ್ತು ದಾಟಿದವರಿಗೆ ಈ ಲಸಿಕೆ ಹಾಕುವ ಮುನ್ನ ವೈದ್ಯರು ಹೆಚ್ಚು ಯೋಚಿಸುತ್ತಾರೆ. ತಂಡದ ಹಿರಿಯರು ಮೊದಲೇ ಕೇಳಿಕೊಳ್ಳಲಿ.

ಮಲೇರಿಯಾ ತಡೆಯುವ ಮಾತ್ರೆಗಳಲ್ಲಿ ಜನ ಎಡವುವುದು ಹಿಂದಿರುಗಿದ ಮೇಲೆ. ಡಾಕ್ಸಿಸೈಕ್ಲಿನ್ ಆದರೆ ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಏಳು ದಿನ ನುಂಗಬೇಕು. ಮೆಫ್ಲೊಕ್ವಿನ್ ಎಂಬುದನ್ನು ಹೋಗುವ ಎರಡು ಮೂರು ವಾರ ಮೊದಲೇ ಶುರು ಮಾಡಬೇಕು. ಖಿನ್ನತೆ, ಅಪಸ್ಮಾರದಂಥ ಹಿನ್ನೆಲೆ ಇರುವವರಿಗೆ ಅದು ಹೇಳಿದ್ದಲ್ಲ. ಇಲ್ಲೊಂದು ಸೂಕ್ಷ್ಮವಿದೆ: ಸಭೆಯವರಿಗೆ ತಿಳಿದರೆ ಏನೆಂದುಕೊಳ್ಳುತ್ತಾರೋ ಎಂದು ತಮ್ಮ ಮಾನಸಿಕ ಆರೋಗ್ಯದ ಮಾತ್ರೆಗಳನ್ನು ಮುಚ್ಚಿಡುವವರು ಪ್ರತಿ ತಂಡದಲ್ಲೂ ಇರಬಹುದು. ತಂಡದ ನಾಯಕರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಗುಟ್ಟು ಕಾಯುವ ಮಾತು ಕೊಟ್ಟು ಕೇಳಬೇಕು.

ಔಷಧಿಗಳು ಮೂಲ ಪೊಟ್ಟಣದಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. ಒಂದು ದೇಶದಲ್ಲಿ ಸಾಮಾನ್ಯ ನೋವಿನ ಮಾತ್ರೆಯಾದ ಕೊಡೀನ್ ಯುಎಇಯಲ್ಲಿ ನಿಯಂತ್ರಿತ ಔಷಧಿ. ಗಂಭೀರ ಕಾಯಿಲೆಯಾದರೆ ಬೇರೆ ದೇಶದ ಆಸ್ಪತ್ರೆಗೆ ಸಾಗಿಸುವ ಖರ್ಚನ್ನೂ ಭರಿಸುವ ವಿಮೆ ಮಾಡಿಸಿ.

ಪ್ರಶ್ನೆ: ಅಲ್ಲಿನ ಸಭೆಯಲ್ಲಿ ನಾನು ಸಾಕ್ಷಿ, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು, ಹೇಳಬೇಕಂತೆ. ದುಭಾಷಿ ಇರುತ್ತಾರೆ. ಹೇಗೆ ಸಿದ್ಧವಾಗಲಿ?

ಮೂರು ನಿಮಿಷಕ್ಕೆ ಬರೆಯಿರಿ, ಅದು ಆರು ಆಗುತ್ತದೆ. ಒಂದು ವಾಕ್ಯ ಪೂರ್ತಿ ಮುಗಿಸಿ ನಿಲ್ಲಿಸಿ. ಅರ್ಧಕ್ಕೆ ನಿಂತರೆ ಕ್ರಿಯಾಪದ ಎಲ್ಲಿದೆ ಎಂದು ದುಭಾಷಿ ತಡಕಾಡುತ್ತಾರೆ. ಮಾತಾಡುವಾಗ ದುಭಾಷಿಯನ್ನಲ್ಲ, ಜನರನ್ನು ನೋಡಿ. ಹಿಂದಿನ ದಿನವೇ ಅವರ ಜೊತೆ ಅರ್ಧ ಗಂಟೆ ಕೂತು ಬರೆದದ್ದನ್ನು ಓದಿಸಿ. ಬೈಬಲ್ ವಚನಗಳ ಅಧ್ಯಾಯ, ಸಂಖ್ಯೆ ಬರೆದುಕೊಟ್ಟರೆ ಅವರು ತಮ್ಮ ಭಾಷೆಯ ಬೈಬಲಿನಿಂದಲೇ ಓದಿಬಿಡುತ್ತಾರೆ.

ನುಡಿಗಟ್ಟುಗಳನ್ನು ಊರಲ್ಲೇ ಬಿಟ್ಟು ಹೋಗಿ. ನಮ್ಮ ತಂಡದ ಯುವಕನೊಬ್ಬ, ಅಪ್ಪ ಬಿಟ್ಟುಹೋದ ದಿನ ನನ್ನ ಹೃದಯ ಒಡೆದುಹೋಯಿತು ಎಂದ. ದುಭಾಷಿಯ ಬಾಯಲ್ಲಿ ಅದು ಹೃದ್ರೋಗವಾಯಿತು. ಆರಾಧನೆ ಮುಗಿದದ್ದೇ ಅಜ್ಜಿಯರು ಅವನನ್ನು ಸುತ್ತುವರಿದು ಎದೆಯ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಪ್ರಾರ್ಥಿಸಿದರು. ಅವನಿಗೆ ಕಾರಣ ಗೊತ್ತಾದದ್ದು ರಾತ್ರಿ ಊಟದ ಹೊತ್ತಿಗೆ. ಆ ಪ್ರಾರ್ಥನೆ ತಪ್ಪು ವಿಳಾಸಕ್ಕೇನೂ ಹೋಗಲಿಲ್ಲ ಎಂದು ಅವನು ಈಗಲೂ ಹೇಳುತ್ತಾನೆ. ನಿಮಗೆ ಅಂಥ ಅದೃಷ್ಟ ಇರಲಿಕ್ಕಿಲ್ಲ. "ರಕ್ಷಣೆ ಹೊಂದಿದೆ", "ಭಾರ ಬಂತು", "ಬಾಗಿಲು ತೆರೆಯಿತು" ಎಂಬಂಥ ನಮ್ಮ ಸಭೆಯ ಮಾತುಗಳೂ ಈ ಪಟ್ಟಿಗೇ ಸೇರುತ್ತವೆ. ಏನಾಯಿತು ಎಂಬುದನ್ನು ಆದ ಹಾಗೆಯೇ ಹೇಳಿ.

ಇನ್ನೊಂದು. "ಒಳ್ಳೆಯ ಕೆಲಸ, ಕಾರು, ಮನೆ ಎಲ್ಲ ಇತ್ತು, ಆದರೂ ಮನಸ್ಸಿಗೆ ನೆಮ್ಮದಿ ಇರಲಿಲ್ಲ" ಎಂಬುದು ನಮ್ಮ ಕಡೆ ಚೆನ್ನಾಗಿ ಕೇಳಿಸುವ ಸಾಕ್ಷಿ. ಸಂಜೆಯ ಊಟಕ್ಕೆ ಏನು ಮಾಡುವುದು ಎಂಬ ಚಿಂತೆಯಲ್ಲಿ ಬೆಂಚಿನ ಮೇಲೆ ಕೂತವರಿಗೆ ಅದು ಹೇಗೆ ಕೇಳಿಸೀತು, ಯೋಚಿಸಿ. ಮತ್ತೆ, ನೀವು ಸಾಕ್ಷಿ ಹೇಳುವ ಮೊದಲು ಅವರಲ್ಲಿ ಒಬ್ಬರು ಹೇಳಲಿ ಎಂದು ಕೇಳಿಕೊಳ್ಳಿ. ಎಷ್ಟೋ ಕಡೆ ಅದರ ನಂತರ ನಮ್ಮವರು ತಮ್ಮ ಮೂರು ನಿಮಿಷವನ್ನು ಒಂದಕ್ಕೆ ಇಳಿಸಿದ್ದಾರೆ.

ಪ್ರಶ್ನೆ: ಕಾರ್ಯಕ್ರಮದಲ್ಲಿ ಒಂದು ದಿನ ಅನಾಥಾಶ್ರಮದ ಭೇಟಿ ಇದೆ. ಮಕ್ಕಳಿಗೆ ಏನು ಉಡುಗೊರೆ ಒಯ್ಯಬಹುದು?

ಆ ಭೇಟಿಯನ್ನೇ ಬಿಡಿ ಎಂದರೆ ನಿಮಗೆ ಬೇಸರವಾಗಬಹುದು. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಶ್ರಮಗಳ ಸಂಖ್ಯೆ ಶೇ 75ರಷ್ಟು ಏರಿತು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಏರುತ್ತಿದ್ದದ್ದು ನೋಡಲು ಬರುವವರ ಸಂಖ್ಯೆ, ಅವರು ತರುವ ಹಣ. ಒಂದು ಮಧ್ಯಾಹ್ನ ಮಡಿಲಲ್ಲಿ ಕೂರಿಸಿಕೊಂಡು ಸಂಜೆ ಹೊರಟುಹೋಗುವ ಅಪರಿಚಿತರು ಆ ಮಗುವಿನ ಪಾಲಿಗೆ ಬಿಟ್ಟುಹೋದವರ ಸಾಲಿನಲ್ಲಿ ಇನ್ನಷ್ಟು ಜನ, ಅಷ್ಟೇ. 2018ರ ತನ್ನ ಆಧುನಿಕ ಗುಲಾಮಗಿರಿ ಕಾನೂನಿನ ಸಂದರ್ಭದಲ್ಲಿ ಆಸ್ಟ್ರೇಲಿಯಾ ಅನಾಥಾಶ್ರಮಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನೂ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು.

ಒಳ್ಳೆಯ ಮನಸ್ಸೊಂದೇ ಇಲ್ಲಿ ರಕ್ಷೆಯಲ್ಲ. 2010ರ ಜನವರಿಯಲ್ಲಿ ಹೈಟಿಯ ಭೂಕಂಪದ ಬೆನ್ನಿಗೇ, 33 ಮಕ್ಕಳನ್ನು ದಾಖಲೆಗಳಿಲ್ಲದೆ ಗಡಿ ದಾಟಿಸಲು ಹೊರಟ ಅಮೆರಿಕದ ಹತ್ತು ಬ್ಯಾಪ್ಟಿಸ್ಟ್ ಕ್ರೈಸ್ತರು ಬಂಧನಕ್ಕೊಳಗಾದರು. ಅನಾಥರೆಂದು ಅವರು ತಿಳಿದಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆ ತಾಯಿ ಇದ್ದರು.

ಆ ದಿನವನ್ನು ಮಕ್ಕಳನ್ನು ತಮ್ಮ ಮನೆಯಲ್ಲೇ ಸಾಕಲು ಕುಟುಂಬಗಳಿಗೆ ನೆರವಾಗುತ್ತಿರುವ ಅಲ್ಲಿನ ಸಭೆಯವರ ಮಾತು ಕೇಳಲು ಕೊಡಿ. ಉಡುಗೊರೆ ಏನಿದ್ದರೂ ಅವರ ಕೈಗೇ ಕೊಡಿ, ಬೀದಿಯಲ್ಲಿ ಹಂಚಬೇಡಿ.

ಪ್ರಶ್ನೆ: ಖರ್ಚಿಗೆ ಬೇರೆಯವರಲ್ಲಿ ಕೈ ಚಾಚಲು ನಾಚಿಕೆ. ಮತ್ತೆ, ಹಿಂದಿರುಗಿದ ಮೇಲೆ ಏನು ಮಾಡಬೇಕು?

ನಾಚಿಕೆ ಒಳ್ಳೆಯದೇ, ಪತ್ರ ಚಿಕ್ಕದಾಗುತ್ತದೆ. ಎಲ್ಲಿಗೆ, ಯಾಕೆ, ಒಟ್ಟು ಎಷ್ಟು, ನನ್ನ ಕೈಯಿಂದ ಎಷ್ಟು, ಹೆಚ್ಚು ಬಂದರೆ ಅದು ಎಲ್ಲಿಗೆ ಹೋಗುತ್ತದೆ, ಇಷ್ಟು ಬರೆದರೆ ಸಾಕು. ಹಣ ಕೊಡಲಾಗದವರು ಪ್ರಾರ್ಥಿಸಲಿ ಎಂದು ದಿನವಾರು ವಿಷಯಗಳ ಒಂದು ಹಾಳೆ ಜೊತೆಗಿಡಿ.

ಪೌಲ-ಬಾರ್ನಬರು ಅಂತಿಯೋಕ್ಯಕ್ಕೆ ಮರಳಿ, ತಮ್ಮನ್ನು ಕಳಿಸಿದ ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ತಿಳಿಸಿದರು. ನೀವೂ ತಿಳಿಸಿ, ಸೋತದ್ದನ್ನೂ ಸೇರಿಸಿ. ಅದಕ್ಕೂ ಮೊದಲು, ಹೊರಡುವ ಹಿಂದಿನ ದಿನ ಅರ್ಧ ದಿನ ಬಿಡುವು ಮಾಡಿಕೊಂಡು ಆತಿಥೇಯ ಪಾಲಕರ ಜೊತೆ ತಂಡ ಕೂರಲಿ. ಯಾವುದು ಉಪಯೋಗಕ್ಕೆ ಬಂತು, ಯಾವುದು ಹೊರೆಯಾಯಿತು ಎಂದು ಅವರು ಬಾಯಿಬಿಟ್ಟು ಹೇಳುವವರೆಗೆ ಕಾಯಿರಿ. ಮರಳಿದ ಮೊದಲ ವಾರ ನಿಮ್ಮವರ ಮೇಲೆ, ತುಂಬಿದ ಅಂಗಡಿಗಳ ಮೇಲೆ ವಿನಾಕಾರಣ ಸಿಟ್ಟು ಬರುತ್ತದೆ. ಆಗ ಸಭೆಯಲ್ಲಿ ಭಾಷಣ ಮಾಡಬೇಡಿ. ಒಂದು ತಿಂಗಳಾದ ಮೇಲೆ ಪಾಲಕರಿಗೆ ಫೋನ್ ಮಾಡಿ, ನೀವು ಹೆಸರು ಕಲಿತ ನಾಲ್ಕು ಮಂದಿಯ ಬಗ್ಗೆ ಹೆಸರು ಹಿಡಿದು ವಿಚಾರಿಸಿ.

ಮರಳಿದ ಮೇಲೆ ಒಂದು ವರ್ಷದೊಳಗೆ ಜ್ವರ ಬಂದರೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಯಾವ ದೇಶಕ್ಕೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಅವರು ಕೇಳದಿದ್ದರೂ ಹೇಳಿ. ಮಲೇರಿಯಾ ಇರುವ ಪ್ರದೇಶವಾಗಿದ್ದರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ.