ಮಗನಿಗೆ ಯಾರ ಬಣ್ಣ?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ನಾನು, ನಮ್ಮ ಯಜಮಾನರು ಇಬ್ಬರೂ ಗೋಧಿ ಬಣ್ಣ. ಮಗಳು ಬೆಳ್ಳಗಿದ್ದಾಳೆ. ನಾಲ್ಕು ತಿಂಗಳ ಮಗ ಮಾತ್ರ ದಿನೇ ದಿನೇ ಕಪ್ಪಾಗುತ್ತಿದ್ದಾನೆ. ಬಸುರಿಯಾಗಿದ್ದಾಗ ಕೇಸರಿ ಹಾಲು ಕುಡಿಯಲಿಲ್ಲ, ಅದಕ್ಕೇ ಹೀಗೆ ಅಂತ ಅತ್ತೆ ಹೇಳುತ್ತಾರೆ. ನಿಜವಾ?’

ಇಲ್ಲಮ್ಮ. ಕೇಸರಿಗೂ ಮಗುವಿನ ಬಣ್ಣಕ್ಕೂ ಸಂಬಂಧವೇ ಇಲ್ಲ.

ನೀವು ಗೋಧಿ ಬಣ್ಣ ಅಂದಿದ್ದು ಚೆನ್ನಾಗಿದೆ. ಅಪ್ಪ-ಅಮ್ಮನಿಂದ ಮಕ್ಕಳಿಗೆ ಬಣ್ಣ ಹೇಗೆ ಬರುತ್ತದೆ ಅನ್ನುವ ಗುಟ್ಟು ಬಿಟ್ಟುಕೊಟ್ಟ ಬೆಳೆಗಳಲ್ಲಿ ಗೋಧಿಯೂ ಒಂದು! ಸ್ವೀಡನ್ನಿನ ತಳಿವಿಜ್ಞಾನಿ ನಿಲ್ಸನ್-ಏಲೆ ಕೆಂಪು ಕಾಳಿನ ಗೋಧಿಯನ್ನು ಬಿಳಿ ಕಾಳಿನ ಗೋಧಿಯ ಜೊತೆ ತಳಿ ಕೂಡಿಸಿದರು. ಎರಡನೇ ಪೀಳಿಗೆಯಲ್ಲಿ ಕಡುಗೆಂಪಿನಿಂದ ಬಿಳಿವರೆಗೆ ಹಲವು ಛಾಯೆಗಳು ಬಂದವು. ಒಂದೇ ಜೀನ್ (ವಂಶವಾಹಿ) ಅಲ್ಲ, ಹಲವು ಜೀನ್‌ಗಳು ಒಂದೊಂದು ಪಾಲು ಬಣ್ಣ ಸೇರಿಸುತ್ತವೆ ಎಂದು 1909ರಲ್ಲಿ ಅವರು ತೋರಿಸಿದರು.

ನಮ್ಮ ಚರ್ಮದ ಕಥೆಯೂ ಇದೇ. ಚೌಕಾಬಾರದ ಕವಡೆ ಇದ್ದರೆ ಆರು ತಗೊಳ್ಳಿ. ನಿಮ್ಮ ಕೈಗೆ ಮೂರು, ಯಜಮಾನರ ಕೈಗೆ ಮೂರು. ಅಂಗಾತ ಬಿದ್ದರೆ ಒಂದು ಪಾಲು ಕಪ್ಪು, ಬೋರಲು ಬಿದ್ದರೆ ಇಲ್ಲ. ಎರಡೂ ಸಮನಾಗಿ ಬೀಳುತ್ತವೆ ಅಂದುಕೊಳ್ಳೋಣ. ಒಟ್ಟು 64 ಬಗೆಯಲ್ಲಿ ಬೀಳಬಹುದು. ಅದರಲ್ಲಿ 20 ಸಲ ಮೂರು ಅಂಗಾತ, ಮೂರು ಬೋರಲು. ಅದೇ ನಿಮ್ಮಿಬ್ಬರ ಬಣ್ಣ. ಐದು ಅಂಗಾತ ಬೀಳುವುದು 6 ಸಲ. ಆರೂ ಅಂಗಾತ ಬೀಳುವುದು ಒಂದೇ ಸಲ, ಆರೂ ಬೋರಲು ಬೀಳುವುದೂ ಒಂದೇ ಸಲ. ಮಗಳಿಗೆ ಬಿದ್ದದ್ದು ಒಂದು ಗರ, ಮಗನಿಗೆ ಇನ್ನೊಂದು. ಕೈ ಮಾತ್ರ ಅವೇ.

ನಿಜದಲ್ಲಿ ಕವಡೆಗಳು ಆರಲ್ಲ, ಇನ್ನೂ ಎಷ್ಟೋ ಜಾಸ್ತಿ. ಎಲ್ಲಕ್ಕೂ ಒಂದೇ ಬೆಲೆಯೂ ಇಲ್ಲ. 2013ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಮತ್ತು ಜೊತೆಗಾರರು ದಕ್ಷಿಣ ಭಾರತದ 1228 ಜನರ ಚರ್ಮದ ಬಣ್ಣ ಅಳೆದ ಅಧ್ಯಯನ ಪ್ರಕಟಿಸಿದರು. ಅವರ ನಡುವಿನ ಬಣ್ಣದ ವ್ಯತ್ಯಾಸದಲ್ಲಿ ಸುಮಾರು ಶೇ. 27ರಷ್ಟು ಎಸ್ಎಲ್‌ಸಿ24ಎ5 ಎಂಬ ಜೀನಿನ ಡಿಎನ್ಎ ಬರಹದಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಗೆ ಸಂಬಂಧಿಸಿತ್ತು. ದೊಡ್ಡ ಕವಡೆ ಅದು. ಉಳಿದದ್ದರಲ್ಲಿ ಬೇರೆ ಜೀನ್‌ಗಳ ಪಾಲಿದೆ, ಬಿಸಿಲಿನ ಪಾಲೂ ಇದೆ.

ದಿನೇ ದಿನೇ ಕಪ್ಪಾಗುತ್ತಿದ್ದಾನೆ ಅಂದಿರಲ್ಲ, ಅದಕ್ಕೂ ಗಾಬರಿ ಬೇಡ. ಬಣ್ಣ ತಯಾರಿಸುವ ಕೋಶಗಳು ಬೆಳ್ಳಗಿದ್ದವರಲ್ಲೂ ಕಪ್ಪಗಿದ್ದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ಎಷ್ಟು ಮಾಡುತ್ತವೆ, ಅದನ್ನು ಹೇಗೆ ಹಂಚುತ್ತವೆ ಅನ್ನುವುದರಲ್ಲಿದೆ ವ್ಯತ್ಯಾಸ. ಹುಟ್ಟಿದಾಗ ಆ ಕೆಲಸ ಪೂರ್ತಿ ಶುರುವಾಗಿರುವುದಿಲ್ಲ. ಕೆಲವು ತಿಂಗಳಲ್ಲಿ ಬಣ್ಣ ಏರುತ್ತದೆ.

ಅಂದಹಾಗೆ, ಮಗು ಹುಟ್ಟಿದಾಗ ಅತ್ತೆಯವರು ಕಿವಿಯ ತುದಿ ನೋಡಿ ಬಣ್ಣ ಹೇಳಿದ್ದರಾ? ಹಳಬರಿಗೆ ಆ ಅಭ್ಯಾಸ ಇದೆ ಅಲ್ವಾ. ಹುಟ್ಟಿದ ದಿನದ ಬಣ್ಣ ನಿಲ್ಲುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಸುಮ್ನೆ ಒಮ್ಮೆ ಕೇಳಿ ನೋಡಿ.