ಟ್ರಂಕಿನಲ್ಲಿರುವ ಅಪ್ಪನ ಹಳೆ ಚಿತ್ರಗಳನ್ನು, ಅವುಗಳ ಹಿಂದಿನ ನೆನಪುಗಳನ್ನು ದಾಖಲಿಸುವುದು ಹೇಗೆ?

ನಿಮ್ಮ ತಂದೆ ಉಡುಪಿಯಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿ ನಿವೃತ್ತರಾದವರು, ಈಗ 79 ವರ್ಷ. ಅಟ್ಟದ ಟ್ರಂಕಿನಲ್ಲಿ ಸುಮಾರು 200 ಚಿತ್ರಗಳಿವೆ, ಕೆಲವಕ್ಕೆ ಬೂಷ್ಟು ಬಂದಿದೆ. ಒಂದೊಂದರ ಬಗ್ಗೆಯೂ ಹೇಳಲು ಅವರು ತಯಾರು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಒರೆಸುವುದರಿಂದ ಶುರು ಮಾಡಬೇಡಿ. ಪೆನ್ಸಿಲಿನಲ್ಲಿ ಗೀಚಿದ ಬೆಲೆ, ಪ್ರದರ್ಶನದ ಚೀಟಿ, ಕಟ್ಟು ಹಾಕಿಸಿದ ಅಂಗಡಿಯ ಲೇಬಲ್ ಎಲ್ಲ ಇರುವುದು ಚಿತ್ರದ ಬೆನ್ನಿಗೆ. ಕ್ಲೀನ್ ಮಾಡುವ ಉತ್ಸಾಹದಲ್ಲಿ ಮೊದಲು ಹಾಳಾಗುವುದೂ ಅವೇ. ಆದ್ದರಿಂದ ಹೇಗಿದೆಯೋ ಹಾಗೆಯೇ ಎದುರಿನದೊಂದು, ಹಿಂಬದಿಯದೊಂದು ಫೋಟೋ ತೆಗೆಯಿರಿ. ಹಿಂದೆ ಕೆಳಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ನಂಬರ್ ಹಾಕಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಎದುರು ಬದಿಗೆ ಏಳುತ್ತದೆ. ಅಳತೆಯನ್ನು ಸೆಂಟಿಮೀಟರಿನಲ್ಲಿ, ಎತ್ತರ ಮೊದಲು, ಅಗಲ ಆಮೇಲೆ ಬರೆಯಿರಿ.

ಫೋಟೋಕ್ಕೆ ಮೋಡದ ದಿನದ ಬೆಳಕು ಒಳ್ಳೆಯದು, ಫ್ಲ್ಯಾಶ್ ಬೇಡ. ನಮ್ಮ ಮನೆಗಳಲ್ಲಿ ಒಂದು ತಾಪತ್ರಯ ಕೆಂಪು ಗಾರೆಯ ಜಗಲಿ. ನೆಲದ ಬಣ್ಣ ಪ್ರತಿಫಲಿಸಿ ಬಿಳಿ ಕಾಗದವೆಲ್ಲ ಗುಲಾಬಿಯಾಗಿ ಬರುತ್ತದೆ, ಎಷ್ಟೋ ಜನ ಮೊಬೈಲನ್ನೇ ಬೈಯುತ್ತಾರೆ. ಕೆಳಗೆ ಬಿಳಿ ಬೆಡ್‌ಶೀಟ್ ಹಾಸಿದರೆ ಸಾಕು.

ಟ್ರಂಕ್ ತೆರೆಯುವುದು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಆಗಲಿ. ಗಾಳಿಯ ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟು ಚಿಗುರುತ್ತದೆ, ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇಲ್ಲಿ ಅದು 85ಕ್ಕಿಂತ ಮೇಲೆಯೇ ಇರುತ್ತದೆ. ಬೂಷ್ಟು ಹಿಡಿದ ಹಾಳೆಗಳನ್ನು ಬೇರೆ ಮಾಡಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಒಣಗಲು ಬಿಡಿ. ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ, ಕಾಗದ ಸುರುಟುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೃದುವಾದ ಅಗಲ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಮೆಲ್ಲ ತಳ್ಳಿ. ಒದ್ದೆ ಬಟ್ಟೆ ತಾಗಿಸಿದರೆ ಬೂಷ್ಟು ಕಾಗದದ ನಾರಿನೊಳಗೆ ಇಳಿದು ಕಲೆ ಕಾಯಂ ಆಗುತ್ತದೆ.

ಪೋಸ್ಟರ್ ಕಲರಿನಲ್ಲಿ ಮಾಡಿದ ಯಕ್ಷಗಾನದ ಚಿತ್ರಗಳಿದ್ದರೆ ಅವಕ್ಕೆ ಬ್ರಷ್ ತಾಗಿಸುವ ಮೊದಲು ಯೋಚಿಸಿ. ರಾತ್ರಿಯ ಹಿನ್ನೆಲೆಗೆ ದಪ್ಪಗೆ ಬಳಿದ ಕಪ್ಪು ಇರುತ್ತದಲ್ಲ, ಅದರೊಳಗಿನ ಗೋಂದು ಬೂಷ್ಟಿಗೆ ಊಟ. ಗೋಂದು ಹೋದ ಬಣ್ಣ ಸಣ್ಣ ಹೆಕ್ಕಳಿಕೆಗಳಾಗಿ ಏಳುತ್ತದೆ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿ, ಅಂಚು ಎದ್ದಿದ್ದು ಕಂಡರೆ ಮುಟ್ಟದೆ ಮಲಗಿಸಿಡಿ. ಅದು ಸಂರಕ್ಷಣೆ ಕಲಿತವರ ಕೆಲಸ. ಹಳದಿಯಾದ ಸೆಲ್ಲೋಟೇಪನ್ನೂ ಕೀಳಬೇಡಿ, ಕಾಗದದ ಮೇಲ್ಪದರ ಅದರೊಟ್ಟಿಗೆ ಬರುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಇನ್ನು ಅವರನ್ನು ಮಾತಾಡಿಸುವುದು. ಒಂದು ಸಲಕ್ಕೆ ಎಂಟು ಹತ್ತು ಚಿತ್ರ, ಮುಕ್ಕಾಲು ಗಂಟೆ. ‘ಇದರ ಬಗ್ಗೆ ಹೇಳಿ’ ಎಂದರೆ ಬಹಳ ಕಲಾವಿದರು ‘ಎಂತ ಹೇಳುವುದು, ಸುಮ್ಮನೆ ಮಾಡಿದ್ದು’ ಎಂದು ಮುಗಿಸುತ್ತಾರೆ. ಸಣ್ಣ ಪ್ರಶ್ನೆ ಕೇಳಬೇಕು: ಎಲ್ಲಿ ಕುಳಿತು ಮಾಡಿದ್ದು? ಕಾಗದ ಎಲ್ಲಿಂದ ತಂದದ್ದು? ಯಾರಾದರೂ ಮಾಡಿಸಿದ್ದೋ? ಈ ಮೂಲೆಯಲ್ಲಿ ಬಣ್ಣ ಬಳಿದು ಮುಚ್ಚಿದ್ದು ಏನನ್ನು? ಸಂಬಳ, ಬಾಡಿಗೆ ಮನೆ, ವರ್ಗಾವಣೆ ಎಲ್ಲ ಕಾಗದದ ಪ್ರಶ್ನೆಯ ಹಿಂದೆಯೇ ಬರುತ್ತವೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಪ್ರತಿ ಚಿತ್ರದ ನಂಬರನ್ನು ಮೊದಲು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ ‘ಇದು’, ‘ಅದು’ ಯಾವುದೆಂದೇ ತಿಳಿಯುವುದಿಲ್ಲ.

ಇಸವಿ ಅವರಿಗೆ ನೆನಪಾಗದಿದ್ದರೆ ಒತ್ತಾಯಿಸಬೇಡಿ, ಚಿತ್ರವನ್ನೇ ವಿಚಾರಿಸಿ. ಲೇಬಲಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು ಅಚ್ಚಾದದ್ದು ಬಹುಮಟ್ಟಿಗೆ 1973ರ ನವೆಂಬರಿಗೆ ಮೊದಲು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಉಡುಪಿ ಜಿಲ್ಲೆ’ ಎಂದಿದ್ದರೆ 1997ಕ್ಕಿಂತ ಹಿಂದಿನದ್ದಲ್ಲ. ಅಂಗಡಿಯವರು ಹಳೆ ಲೇಬಲನ್ನು ವರ್ಷಗಟ್ಟಲೆ ಅಂಟಿಸುತ್ತಾರೆ ಎಂಬುದೂ ಲೆಕ್ಕದಲ್ಲಿರಲಿ. ರಥಬೀದಿಯ ಸ್ಕೆಚ್ಚಿನಲ್ಲಿ ಪರ್ಯಾಯದ ಸ್ವಾಗತ ಕಮಾನು ಇದ್ದರೆ ನಿಮ್ಮ ಅದೃಷ್ಟ. ಪರ್ಯಾಯ ಎಂದರೆ ಕೃಷ್ಣಮಠದ ಪೂಜೆಯ ಸರದಿ: ಎಂಟು ಮಠಕ್ಕೆ ಎರಡೆರಡು ವರ್ಷ, ಒಂದೇ ಮಠದ ಸರದಿ ತಿರುಗಿ ಬರುವುದು 16 ವರ್ಷಕ್ಕೆ. ಕಮಾನಿನಲ್ಲಿ ಪುತ್ತಿಗೆ ಎಂದು ಓದಲು ಬಂದರೆ ಅದು 1976, 1992, 2008 ಅಥವಾ 2024. ತಂದೆಯವರು ಆಗ ಯಾವ ಶಾಲೆಯಲ್ಲಿದ್ದರು ಎಂದು ಕೇಳಿದರೆ ಒಂದು ಉಳಿಯುತ್ತದೆ. ಯಕ್ಷಗಾನ ಬಯಲಾಟದ ಮೇಳದ ಸ್ಕೆಚ್ ಆದರೆ ಸಾಮಾನ್ಯವಾಗಿ ದೀಪಾವಳಿಯಿಂದ ಪತ್ತನಾಜೆಯೊಳಗಿನದ್ದು, ಅಂದರೆ ಮೇ ಕೊನೆಯ ವಾರದೊಳಗೆ. ಹೀಗೆ ಊಹಿಸಿದ ಇಸವಿಗೆ ‘ಸು.’ (ಸುಮಾರು) ಹಾಕಿ, ಆಧಾರವನ್ನು ಪಕ್ಕದಲ್ಲಿ ಬರೆಯಿರಿ. ಅವರ ನೆನಪಿಗೂ ಲೇಬಲಿಗೂ ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ, ತೀರ್ಪು ಕೊಡಲು ಹೋಗಬೇಡಿ.

ಒಂದೇ ಕುಣಿತದ ಭಂಗಿಯನ್ನು ಹತ್ತು ಹಾಳೆಯಲ್ಲಿ ಗೀಚಿದ್ದು ಸಿಕ್ಕರೆ ‘ಪ್ರಾಕ್ಟೀಸ್’ ಎಂದು ಎಸೆಯಬೇಡಿ. ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡುತ್ತಾ ಬಂದ ಊರು ನಮ್ಮದು, ಕೈ ಪಳಗಿದ್ದು ಹೇಗೆಂದು ತೋರಿಸುವುದು ಆ ಹಾಳೆಗಳೇ. 17/1, 17/2 ಎಂದು ಒಟ್ಟಿಗೆ ನಂಬರ್ ಕೊಡಿ.

ತಿರುಗಿ ಇಡುವಾಗ ನಡುವೆ ಪತ್ರಿಕೆ ಬೇಡ, ಆಸಿಡ್-ಫ್ರೀ (ಆಮ್ಲವಿಲ್ಲದ) ಕಾಗದ ಹಾಕಿ. ನುಸಿಗುಳಿಗೆಗಿಂತ ತೇವ ಹೀರುವ ಸಿಲಿಕಾ ಜೆಲ್ ವಾಸಿ. ಬಣ್ಣ ಬದಲಾದಾಗ ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಬಿಸಿ ಮಾಡಿ ಮತ್ತೆ ಬಳಸಬಹುದು. ಟ್ರಂಕ್ ಅಟ್ಟಕ್ಕೆ ವಾಪಸ್ ಹೋಗದಿರಲಿ. ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇದ್ದರೆ ಒರಲೆ ಹತ್ತಿದ್ದು ಕಣ್ಣಿಗೆ ಬೀಳುತ್ತದೆ. ಕಟ್ಟು ಹಾಕಿಸುವುದಿದ್ದರೆ ಗಾಜು ಬಣ್ಣಕ್ಕೆ ತಾಗದಂತೆ ನಡುವೆ ಮೌಂಟ್ (ದಪ್ಪ ರಟ್ಟಿನ ಅಂಚು) ಕೊಡಿಸಿ. ಮಳೆ ಹೊಡೆಯುವ ಪಡುಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ, ಗಾಳಿ ಆಡಲಿ.